ನಂಬರಕ್ಕನ ನೂರ ಹದಿನೆಂಟು

ನಮ್ಮ ಆಸ್ಪತ್ರೆಯಲ್ಲಿ ನಂಬರಕ್ಕನಷ್ಟು ನಡೆದವರು ಬೇರೆ ಯಾರೂ ಇರಲಿಕ್ಕಿಲ್ಲ. ಡಾಕ್ಟರುಗಳೂ ವಾರ್ಡು ಸುತ್ತುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರ ಹಿಂದೆ ನಾಲ್ಕು ಜನ ಇರುತ್ತಾರೆ, ಲಿಫ್ಟಿನ ಬಾಗಿಲು ಹಿಡಿದು ನಿಲ್ಲಲು ಐದನೆಯವರು ಬೇರೆ. ನಂಬರಕ್ಕ ಒಬ್ಬರೇ ನಡೆಯುತ್ತಿದ್ದರು. ಎಡ ಹೆಗಲಿಗೆ ಒಂದು ಸುತ್ತು ನೀಲಿ ಕೇಬಲ್, ಕಂಕುಳಲ್ಲಿ ಮುಚ್ಚಳ ಸಡಿಲವಾದ ಲ್ಯಾಪ್‌ಟಾಪು, ಬಲಗೈ ಯಾವಾಗಲೂ ಗೋಡೆಯ ಮೇಲೋ ಮೆಟ್ಟಿಲಿನ ಕಂಬಿಯ ಮೇಲೋ. ಆರು ಕಟ್ಟಡಗಳು, ಅವುಗಳಲ್ಲಿ ಎರಡಕ್ಕೆ ಲಿಫ್ಟಿಲ್ಲ. ಮನೆಗೆ ಹೋದರೆ ಮೂರನೆಯ ಮಹಡಿ, ಅಲ್ಲೂ ಲಿಫ್ಟಿಲ್ಲ. "ಯಾರ ಮನೆ ಮೆಟ್ಟಿಲು ಕದ್ದಿದ್ನೋ, ಈಗ ಹತ್ತಿ ಹತ್ತಿ ತೀರಿಸ್ತಾ ಇದೀನಿ" ಎನ್ನುತ್ತಿದ್ದರು. ನಗದೆ ಹೇಳುತ್ತಿದ್ದರು, ಹಾಗಾಗಿ ನಗಬೇಕೋ ಬೇಡವೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನಾನು ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ ರಕ್ತಪರೀಕ್ಷೆಯ ವರದಿ ಕೊಡುವ ಕೌಂಟರಿನವಳು. ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ, ಮುಂದುವರಿಸುವ ತಿಂಗಳಲ್ಲಿ ನಾವೆಲ್ಲ ಬಹಳ ಒಳ್ಳೆಯವರಾಗಿರುತ್ತೇವೆ. ಉಳಿದ ಹನ್ನೊಂದು ತಿಂಗಳು ನನಗೆ ಮೂಗಿನ ತುದಿಯಲ್ಲೇ ಕೋಪ. ಕಿಟಕಿಯ ಆಚೆ ದಿನಕ್ಕೆ ಮುನ್ನೂರು ಜನ "ನಮ್ಮದು ಬಂತಾ, ನಮ್ಮದು ಬಂತಾ" ಎಂದು ಕೇಳುವ ಕಡೆ ಕೂತು ನೋಡಿ, ಆಮೇಲೆ ನನ್ನ ಕೋಪದ ಬಗ್ಗೆ ಮಾತಾಡಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ನಂಬರಕ್ಕನನ್ನು ಕಂಡರೆ ಆಗುತ್ತಿರಲಿಲ್ಲ. ನೆಟ್ ಇಲ್ಲ ಎಂದು ಫೋನ್ ಮಾಡಿದರೆ ಮುಕ್ಕಾಲು ಗಂಟೆಗೆ ಬರುವುದು, ಬಂದವರು ಒಂದು ಮಾತೂ ಆಡದೆ ನನ್ನ ಕುರ್ಚಿ ಸರಿಸಿ ಮೇಜಿನ ಕೆಳಗೆ ತೂರುವುದು, ಐದು ನಿಮಿಷಕ್ಕೆ ಎದ್ದು ಕುರ್ಚಿಯನ್ನು ಹಾಗೇ ಬಿಟ್ಟು ಹೋಗುವುದು. ಒಂದು ಸಲ ಹಿಂದಿನಿಂದ, "ದೊಡ್ಡ ಡಾಕ್ಟರು ಬಂದು ಹೋದ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದೆ. ಅವರು ತಿರುಗಿ ಕೂಡ ನೋಡಲಿಲ್ಲ.

ಅವರು ನನ್ನೊಡನೆ ನಾಲ್ಕು ಮಾತು ಆಡಿದ್ದು ಒಂದು ಮಧ್ಯಾಹ್ನ, ಕಿಟಕಿಯಲ್ಲಿ ಜನ ಕಡಿಮೆ ಇದ್ದಾಗ. ನನ್ನ ಕಂಪ್ಯೂಟರಿಗೆ ನೆಟ್ ಇರಲಿಲ್ಲ. ಅವರು ಮೇಜಿನ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಂಡಿ ಮಡಚಲು ಆಗುತ್ತಿರಲಿಲ್ಲ ಎನ್ನುವುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

"ಅಲ್ಲಕ್ಕಾ, ನಿನ್ನೆ ನೆಟ್ಟಗಿತ್ತು. ಇವತ್ತು ಏನು, ಮೈ ಹುಷಾರಿಲ್ವಾ ಇದಕ್ಕೆ?" ಎಂದು ಕೆಣಕಿದೆ.

"ಇದಕ್ಕೆ ಈಗ ತಾನು ಯಾರು ಅಂತಲೇ ಗೊತ್ತಿಲ್ಲ" ಎಂದರು ಮೇಜಿನ ಕೆಳಗಿನಿಂದ.

"ಹಾಗಂದ್ರೆ?"

ಅವರು ಉತ್ತರ ಕೊಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಎದ್ದೇಳಲು ಸೋಮಾರಿತನವಾಗಿ ಕೊಟ್ಟರೋ ಏನೋ.

"ನೀನು ಕಿಟಕೀಲಿ ಟೋಕನ್ ಕೊಡ್ತೀಯಲ್ಲ, ಹಾಗೇ ಇದು. ಕಂಪ್ಯೂಟರ್ ಎದ್ದಾಗ ಅದರ ಹತ್ರ ನಂಬರ್ ಇರಲ್ಲ. ನಂಬರ್ ಇಲ್ದೆ ಯಾರೂ ಅದಕ್ಕೆ ಕಾಗದ ಕಳಿಸೋ ಹಾಗಿಲ್ಲ, ಅದೂ ಯಾರಿಗೂ ಕಳಿಸೋ ಹಾಗಿಲ್ಲ. ನಂಬರ್ ಕೊಡೋ ಸರ್ವರ್ ಎಲ್ಲಿದೆ ಅಂತಲೂ ಅದಕ್ಕೆ ಗೊತ್ತಿರಲ್ಲ. ಅದಕ್ಕೇ ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ, ಯಾರಾದ್ರೂ ನಂಗೊಂದು ನಂಬರ್ ಕೊಡ್ತೀರಾ ಅಂತ. ಎಲ್ಲರೂ ಕೇಳಿಸ್ಕೊಂಡು ಸುಮ್ಮನಿರ್ತಾರೆ, ಸರ್ವರ್ ಒಂದೇ ಓಗೊಡೋದು. ಇಗೋ, ಈ ನಂಬರ್ ಖಾಲಿ ಇದೆ, ಆಗುತ್ತಾ ಅನ್ನುತ್ತೆ. ಇದು, ಆಗುತ್ತೆ ಅದನ್ನೇ ಕೊಡಿ ಅನ್ನುತ್ತೆ. ಅದು, ಸರಿ, ಬರ್ಕೊಂಡೆ, ಎಂಟು ಗಂಟೆ ಹೊತ್ತು ನಿನ್ನದು ಅನ್ನುತ್ತೆ. ಅಷ್ಟೇ."

"ಎಂಟು ಗಂಟೆ ಆದ್ಮೇಲೆ ಕಿತ್ಕೋತಾರಾ?"

"ಅರ್ಧ ಹೊತ್ತು ಕಳೀತಿದ್ದ ಹಾಗೆ ಇದೇ ಹೋಗಿ ಕೇಳುತ್ತೆ, ನಾನಿನ್ನೂ ಇದೀನಿ, ಇಟ್ಕೊಳ್ಳಲಾ ಅಂತ. ಇಟ್ಕೋ ಅನ್ನುತ್ತೆ. ಕೇಳೋಕೇ ಹೋಗ್ಲಿಲ್ಲ ಅಂದ್ರೆ ಎದ್ದು ಹೋಗಿದಾರೆ ಅಂತ ಲೆಕ್ಕ. ನಂಬರ್ ಇನ್ನೊಬ್ಬರಿಗೆ."

"ನನ್ನ ಕಿಟಕೀಲಿ ಒಂದೇ ಟೋಕನ್ ಇಬ್ಬರ ಕೈಗೆ ಹೋದ್ರೆ ಜುಟ್ಟು ಹಿಡ್ಕೋತಾರೆ."

"ಇಲ್ಲೂ ಹಿಡ್ಕೋತಾರೆ" ಎಂದು ಮೇಜಿನ ಅಂಚು ಹಿಡಿದು, ಎರಡು ಸಲ ಪ್ರಯತ್ನಿಸಿ, ಮೇಲೆದ್ದರು. ಕುರ್ಚಿಯನ್ನು ಹಾಗೇ ಬಿಟ್ಟು ಹೋದರು.

ಆಮೇಲೆ ಅವರಿವರಿಂದ ಕೇಳಿ ನನಗೆ ಅವರ ಕತೆ ಒಂದಿಷ್ಟು ಗೊತ್ತಾಯಿತು. ಅವರು ಸೇರಿದಾಗ ಇಡೀ ಆಸ್ಪತ್ರೆಗೆ ನಲವತ್ತು ಕಂಪ್ಯೂಟರು. ಸರ್ವರ್ ನಂಬರು ಕೊಡುವ ಏರ್ಪಾಟು ಆಗಿನ್ನೂ ಇರಲಿಲ್ಲ. ಒಂದೊಂದರ ಮುಂದೆಯೂ ಕೂತು ಇವರೇ ಕೈಯಿಂದ ನಂಬರು ತುಂಬಬೇಕು, ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಂಬರಕ್ಕ ಎಂಬ ಹೆಸರು ಬಿದ್ದದ್ದು ಆಗ. ಯಾವ ನಂಬರು ಯಾವ ಕೋಣೆಯದೆಂದು ಪುಸ್ತಕ ನೋಡದೆ ಹೇಳುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ನಿದ್ದೆಯಲ್ಲೂ ನಂಬರು ಕನವರಿಸಿ, ಇದು ಯಾರ ಫೋನ್ ನಂಬರೆಂದು ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ. ಗಂಡ ಶಾಲೆಯ ಬಸ್ಸು ಓಡಿಸುವವರು, ಸಂಜೆ ಹೆಂಡತಿಗಿಂತ ಮೊದಲೇ ಮನೆ ಸೇರುತ್ತಾರೆ, ಅಡುಗೆ ಅವರದೇ. ಅತ್ತೆಗೆ ಮಗನ ಅಡುಗೆ ಸೇರುವುದಿಲ್ಲ, ಸೊಸೆಗೆ ಬೇರೆ ಅಡುಗೆ ಮಾಡುವ ತ್ರಾಣವಿಲ್ಲ. ಹಾಗಾಗಿ ಆ ಮನೆಯಲ್ಲಿ ಊಟಕ್ಕಿಂತ ಗೊಣಗಾಟವೇ ಹೆಚ್ಚು ಬೇಯುತ್ತಿತ್ತು.

ಕಂಪ್ಯೂಟರುಗಳು ನೂರಾದವು, ಆರು ನೂರಾದವು. ಸರ್ವರ್ ಬಂತು. ಇನ್ನು ಎಲ್ಲ ತಂತಾನೇ, ನಿಮಗಿನ್ನು ಆರಾಮ ಎಂದು ಮೇಲಿನವರು ಅಂದರಂತೆ. ಆರಾಮ ಎಲ್ಲಿ ಬಂತು? ಕೇಬಲ್ಲಿನ ಮೇಲೆ ಯಾರೋ ಕಪಾಟು ಎಳೆದಿರುತ್ತಾರೆ, ನೆಲ ತೊಳೆಯುವವರು ಪ್ಲಗ್ ಕಿತ್ತಿರುತ್ತಾರೆ, ನಂಬರು ತಂತಾನೇ ಬರುವುದಾದರೂ ಅದು ಬರದೆ ಹೋದಾಗ ನೋಡಲು ಇವರೇ ನಡೆಯಬೇಕು. ಮೊದಲು ನಲವತ್ತಕ್ಕೆ ನಡೆಯುತ್ತಿದ್ದವರು ಈಗ ಆರು ನೂರಕ್ಕೆ ನಡೆದರು. ನಮ್ಮ ಆಸ್ಪತ್ರೆಯದೇ ಮೂಳೆ ಡಾಕ್ಟರು ಇವರ ಮಂಡಿಯ ಚಿತ್ರ ನೋಡಿ ಮೆಟ್ಟಿಲು ಹತ್ತಬೇಡಿ ಎಂದು ಚೀಟಿ ಬರೆದುಕೊಟ್ಟರು. ಆ ಡಾಕ್ಟರ ಕೋಣೆ ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು.

ಅವರಿಗಿದ್ದ ಆಸೆ ಒಂದೇ, ಮೆಷಿನ್ ಕೋಣೆಯ ಹುದ್ದೆ. ಸರ್ವರುಗಳಿರುವ ಆ ತಣ್ಣನೆಯ ಕೋಣೆಯಲ್ಲಿ ಒಬ್ಬರು ದಿನವಿಡೀ ಕೂತು ಪರದೆ ನೋಡಿಕೊಳ್ಳಬೇಕು, ನಡೆಯಬೇಕಾಗಿಲ್ಲ. ಅಲ್ಲಿದ್ದವರು ನಿವೃತ್ತರಾಗುವವರಿದ್ದರು. ಮುಂದಿನವರ ಆದೇಶ ಬರಬೇಕಿದ್ದ ಶುಕ್ರವಾರ ಯಾವುದೆಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು, ಅದು ಇವರಿಗೇ ಎಂದೂ ಗೊತ್ತಿತ್ತು. ಅತ್ತೆ ನೆರೆಮನೆಯವರಿಗೆಲ್ಲ ಹೇಳಿ ಮುಗಿಸಿದ್ದರಂತೆ.

ಈಗ ನನ್ನ ಪಾಡಿಗೆ ಬರುತ್ತೇನೆ. ಹೊಸದಾಗಿ ಬಂದಿದ್ದ ಆಡಳಿತಾಧಿಕಾರಿಗೆ ವಿದ್ಯುತ್ ಉಳಿಸುವ ಹುಚ್ಚು. ಸಂಜೆ ಹೋಗುವಾಗ ಪ್ರಿಂಟರುಗಳನ್ನೆಲ್ಲ ಆರಿಸಿ ಹೋಗಬೇಕು ಎಂದು ಸುತ್ತೋಲೆ ಹೊರಡಿಸಿದರು. ನನ್ನ ಕೌಂಟರಿನ ಪ್ರಿಂಟರು ಆರು ವರ್ಷದಿಂದ ಒಮ್ಮೆಯೂ ಆರಿರಲಿಲ್ಲ. ಮೇಲಿನ ಲ್ಯಾಬಿನಿಂದ ವರದಿಗಳು ನೇರವಾಗಿ ಅದಕ್ಕೇ ಬರುತ್ತವೆ, ನಾನು ಮುದ್ರೆ ಒತ್ತಿ ಕೊಡುತ್ತೇನೆ. ಮುಂದುವರಿಸುವ ತಿಂಗಳು ಹತ್ತಿರವಿತ್ತು, ನಾನು ಒಳ್ಳೆಯವಳಾಗಿದ್ದೆ. ಸುತ್ತೋಲೆ ಬಂದ ದಿನದಿಂದಲೇ ತಪ್ಪದೆ ಸಂಜೆ ಐದಕ್ಕೆ ಆರಿಸಿ, ಬೆಳಿಗ್ಗೆ ಎಂಟಕ್ಕೆ ಹಚ್ಚಿದೆ.

ಎರಡೇ ವಾರದಲ್ಲಿ ವರದಿಗಳು ಮಾಯವಾಗತೊಡಗಿದವು. ಎಲ್ಲವೂ ಅಲ್ಲ. ಇನ್ನೂರು ಬಂದರೆ ಒಂದು ಬರುತ್ತಿರಲಿಲ್ಲ. ಲ್ಯಾಬಿನವರನ್ನು ಕೇಳಿದರೆ, "ನಮ್ಮ ಕಂಪ್ಯೂಟರಲ್ಲಿ ಪ್ರಿಂಟ್ ಆಗಿದೆ ಅಂತ ತೋರಿಸ್ತಿದೆ, ನಿನ್ನ ಹತ್ರಾನೇ ಇರುತ್ತೆ, ಸರಿಯಾಗಿ ನೋಡು" ಎನ್ನುತ್ತಿದ್ದರು. ಕೌಂಟರಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಪ್ರಿಂಟರಿನ ಹೊಟ್ಟೆಯಲ್ಲಿ ಹುಡುಕಿದೆ. ಒಮ್ಮೆ ಪ್ರಿಂಟ್ ಆದದ್ದನ್ನು ಮತ್ತೆ ತೆಗೆಯಲು ಲ್ಯಾಬಿನ ಮುಖ್ಯಸ್ಥರ ಒಪ್ಪಿಗೆ ಬೇಕು, ಅವರು ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಸಿಗುತ್ತಾರೆ. ಹೀಗೆ ಹನ್ನೊಂದು ವರದಿ ಹೋದವು. ಹನ್ನೊಂದನೆಯದು ಆಪರೇಷನ್ನಿಗೆ ಕಾಯುತ್ತಿದ್ದ ಒಬ್ಬ ಮುದುಕರದು. ವರದಿ ಇಲ್ಲದೆ ಅವರನ್ನು ಮೇಜಿನ ಮೇಲಿಂದ ಇಳಿಸಿ ವಾರ್ಡಿಗೆ ವಾಪಸು ಕಳಿಸಿದರು. ಅವರ ಮಗಳು ಬಂದು ನನ್ನ ಕಿಟಕಿಯ ಗಾಜಿಗೆ ಬಡಿದು, "ನಿಮ್ಮ ಅಪ್ಪ ಆಗಿದ್ರೆ ಹೀಗೆ ಮಾಡ್ತಿದ್ರಾ?" ಎಂದು ಅತ್ತಳು. ನಾನು ಕಸದ ಬುಟ್ಟಿಯನ್ನು ಬೋರಲು ಹಾಕಿ ಮತ್ತೊಮ್ಮೆ ಹುಡುಕಿದೆ.

ಆಡಳಿತಾಧಿಕಾರಿ ಸೋಮವಾರ ನನ್ನನ್ನು ಕರೆಸಿದರು. "ವರದಿ ಪ್ರಿಂಟ್ ಆಗಿದೆ. ಕೌಂಟರ್‌ನಲ್ಲಿ ನೀವೊಬ್ಬರೇ ಇರೋದು. ಬೇರೆ ಯಾರು ತಗೋತಾರಮ್ಮ?" ಗುರುವಾರ ವಿಚಾರಣೆ, ಅಲ್ಲಿಯವರೆಗೆ ಬರಬೇಡಿ, ವಿಚಾರಣೆಯಲ್ಲಿ ತಪ್ಪು ಎಂದಾದರೆ ಗುತ್ತಿಗೆ ಮುಗಿಯಿತು ಎಂದರು. ನನ್ನ ತಲೆಯ ಮೇಲೆ ಗೂಬೆ ಕೂರಿಸಲು ಅವರಿಗೆ ಆರು ನಿಮಿಷ ಸಾಕಾಯಿತು. ನಾನು ಹೊರಗೆ ಬರುವಾಗ ನಂಬರಕ್ಕ ಕೇಬಲ್ ಹೊತ್ತು ನನ್ನ ಕೌಂಟರಿನ ಕಡೆ ಹೋಗುತ್ತಿದ್ದರು, ಪ್ರಿಂಟರ್ ಪರೀಕ್ಷಿಸಲು ಅವರನ್ನು ಕರೆಸಿದ್ದರು. ಏನಾದರೂ ಸಿಕ್ಕೀತು ಎಂಬ ಆಸೆ ನನಗೆ. ಅರ್ಧ ಗಂಟೆಯ ನಂತರ ಅವರು ಬರೆದುಕೊಟ್ಟದ್ದು ಒಂದೇ ಸಾಲು: ಪ್ರಿಂಟರ್ ಸರಿಯಾಗಿದೆ.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಅವಳ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಯ ನೌಕರರ ಮನೆಯವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೆ, ಕೆಲಸ ಹೋದರೆ ಹೆಸರೂ ಹೋಗುತ್ತದೆ. ಸೋಮವಾರದ ಉಳಿದ ಹೊತ್ತನ್ನು ಬೀದಿಯಲ್ಲೇ ಕಳೆದೆ. ಮಂಗಳವಾರ, ಬುಧವಾರ ಎಂದಿನಂತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಡಬ್ಬಿ ಕಟ್ಟಿಸಿಕೊಂಡು ಹೊರಟು, ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ಏನೂ ಮಾಡದೆ ಕೂರುವುದು ಇಷ್ಟು ದಣಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋದಾಗ ಅಮ್ಮ, "ಇವತ್ತು ಜನ ಜಾಸ್ತಿನಾ? ಮುಖ ಬಾಡಿದೆ" ಎಂದಳು. ಜಾಸ್ತಿ ಎಂದೆ.

ಬುಧವಾರ ಮಧ್ಯಾಹ್ನ ನನ್ನ ಜಾಗದಲ್ಲಿ ಕೂತಿದ್ದ ಗೆಳತಿ ಫೋನ್ ಮಾಡಿದಳು. ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡ ಕಣೇ. ನೀನು ಹೋದ್ಮೇಲೆ ಒಂದು ವರದೀನೂ ಕಳೆದಿಲ್ಲ. ದೊಡ್ಡವರು ಅದನ್ನೇ ಬರ್ಕೊಂಡಿದಾರೆ" ಎಂದಳು. ಕದ್ದವಳು ಹೋದಳು, ಕಳವು ನಿಂತಿತು. ನಾನು ಅವರ ಜಾಗದಲ್ಲಿ ಕೂತಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಆ ಬೆಂಚಿನ ಮೇಲೆ ಒಂದು ಹೊತ್ತು ನನಗೇ ಅನುಮಾನ ಬಂತು, ನಾನೇ ಮೈಮರೆತು ಎಲ್ಲಾದರೂ ಎಸೆದೆನೇ ಎಂದು.

ಗುರುವಾರ ಹನ್ನೊಂದಕ್ಕೆ ವಿಚಾರಣೆ. ಆಡಳಿತಾಧಿಕಾರಿ, ಲ್ಯಾಬಿನ ಮುಖ್ಯಸ್ಥರು, ಬರೆದುಕೊಳ್ಳಲು ಒಬ್ಬ ಗುಮಾಸ್ತೆ. ಹಾಳೆಗಳನ್ನು ಒಂದೊಂದಾಗಿ ಓದಿದರು. ಕಳೆದುಹೋದ ವರದಿಗಳ ದಿನಾಂಕ, ಎಲ್ಲವೂ ನಾನಿದ್ದ ದಿನಗಳು. ನಾನಿಲ್ಲದ ಮೂರು ದಿನ, ಸೊನ್ನೆ. "ಏನು ಹೇಳ್ತೀರಿ?" ಎಂದರು. ನಾನು ತೆಗೆದಿಲ್ಲ ಸಾರ್ ಎಂದಷ್ಟೇ ಅಂದೆ.

ಆಗ ಬಾಗಿಲು ತೆರೆದು ನಂಬರಕ್ಕ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಹಿಂದೆ ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಬಟ್ಟೆ ಕೋಣೆಯ ಹಿರಿಯರು, ನೆಲಮಾಳಿಗೆಯಲ್ಲಿ ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲಗಳ ಉಸ್ತುವಾರಿ ನೋಡುವವರು. ಅವರ ಕೈಯಲ್ಲಿ ಕ್ಲಿಪ್ಪು ಹಾಕಿದ ಒಂದು ಕಟ್ಟು ಹಾಳೆ.

"ದೊಡ್ಡಪ್ಪಾ, ಆ ಹಾಳೆ ತಿರುಗಿಸಿ ತೋರಿಸಿ" ಎಂದರು ನಂಬರಕ್ಕ.

ಒಂದು ಮಗ್ಗುಲಲ್ಲಿ ಪೆನ್ಸಿಲಿನಿಂದ ದುಂಡಗೆ ಬರೆದಿತ್ತು: ಹೊದಿಕೆ ನಲವತ್ತು, ದಿಂಬಿನ ಚೀಲ ಇಪ್ಪತ್ತೆರಡು, ಹರಿದದ್ದು ಮೂರು. ಇನ್ನೊಂದು ಮಗ್ಗುಲು ನಮ್ಮ ರಕ್ತಪರೀಕ್ಷೆಯ ವರದಿ.

ದೊಡ್ಡಪ್ಪನಿಗೆ ಏನೂ ಅರ್ಥವಾಗಿರಲಿಲ್ಲ, ಹೆಮ್ಮೆಯಿಂದಲೇ ಹೇಳಿದರು. "ನನ್ನ ಹೊಸ ಪ್ರಿಂಟರಲ್ಲಿ ಆಗಾಗ ತಂತಾನೇ ಬರ್ತಿತ್ತು ಸಾರ್. ಮೇಲಿನವರು ಹಾಳಾದ ಹಾಳೆ ಇಲ್ಲಿಗೆ ಬಿಡ್ತಿದಾರೆ ಅಂದ್ಕೊಂಡೆ. ಒಂದು ಕಡೆ ಖಾಲಿ ಇದೆಯಲ್ಲ, ಬಿಸಾಕೋದು ಯಾಕೆ? ನೀವೇ ಉಳಿತಾಯ ಮಾಡಿ ಅಂದಿದ್ರಲ್ಲ."

ಹನ್ನೊಂದರಲ್ಲಿ ಹತ್ತು ಆ ಕಟ್ಟಿನಲ್ಲಿದ್ದವು. ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಕಪಾಟಿನ ಕಾಲಿಗೆ ಕೊಟ್ಟಿದ್ದಾರಂತೆ.

ಆಡಳಿತಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಹೇಗೆ ಸಾಧ್ಯ?"

ನಂಬರಕ್ಕ ನಿಂತೇ ಹೇಳಿದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕೆಂದು ನನಗೂ ತೋಚಲಿಲ್ಲ. ಆರು ವರ್ಷದ ಹಿಂದೆ ನನ್ನ ಕೌಂಟರಿನ ಪ್ರಿಂಟರು ಕೆಟ್ಟು, ಜನ ಕಿಟಕಿಯಲ್ಲಿ ಕಿರುಚುತ್ತಿದ್ದಾಗ, ಹೊಸದನ್ನು ಅವರೇ ತಂದು ಹಾಕಿದ್ದರು. ಲ್ಯಾಬಿನ ಯಂತ್ರ ವರದಿ ಕಳಿಸುವುದು ಪ್ರಿಂಟರಿನ ನಂಬರಿಗೆ, ಅದು ಎಂದೂ ಬದಲಾಗಬಾರದು. ಹಾಗಾಗಿ ಹಳೆಯ ಕಾಲದ ಹಾಗೆ ಕೈಯಿಂದಲೇ ಒಂದು ನಂಬರು ತುಂಬಿದರು, ನೂರ ಹದಿನೆಂಟು. ಅದು ಸರ್ವರ್ ಎಲ್ಲರಿಗೂ ಹಂಚುವ ನಂಬರುಗಳ ನಡುವಿನದು. ಮೆಷಿನ್ ಕೋಣೆಗೆ ಹೋಗಿ, ಇದೊಂದನ್ನು ಯಾರಿಗೂ ಕೊಡಬೇಡ ಎಂದು ಸರ್ವರಿನಲ್ಲಿ ಬರೆಯಬೇಕಿತ್ತು. ಅಷ್ಟರಲ್ಲಿ ಇನ್ನೊಂದು ಕಟ್ಟಡದಿಂದ ಕರೆ ಬಂತು, ಅಲ್ಲಿಂದ ಮತ್ತೊಂದಕ್ಕೆ. "ನಾಳೆ ಬರೆಯೋಣ ಅಂದ್ಕೊಂಡೆ. ಮರೆತೆ" ಎಂದರು.

ಆರು ವರ್ಷ ಏನೂ ಆಗಲಿಲ್ಲ. ಯಾರಿಗಾದರೂ ನಂಬರು ಕೊಡುವ ಮೊದಲು ಸರ್ವರ್ ಆ ನಂಬರನ್ನು ಒಮ್ಮೆ ಕೂಗಿ ನೋಡುತ್ತದೆ. ನನ್ನ ಪ್ರಿಂಟರು ಎಂದೂ ಆರುತ್ತಿರಲಿಲ್ಲವಾದ್ದರಿಂದ ಪ್ರತಿಸಲವೂ ಓಗೊಟ್ಟು, ಇಲ್ಲಿ ಜನ ಇದ್ದಾರೆ ಎಂದು ತಿಳಿಸುತ್ತಿತ್ತು, ಸರ್ವರ್ ಮುಂದೆ ಹೋಗುತ್ತಿತ್ತು. ಸುತ್ತೋಲೆ ಬಂದ ಮೇಲೆ ನಾನು ಅದನ್ನು ಆರಿಸತೊಡಗಿದೆ. ದೊಡ್ಡಪ್ಪ ಬೆಳಿಗ್ಗೆ ಆರಕ್ಕೇ ಬಂದು ತಮ್ಮ ಹೊಸ ಪ್ರಿಂಟರು ಹಚ್ಚುವವರು. ಅದು ನಂಬರು ಕೇಳಿತು, ಸರ್ವರ್ ನೂರ ಹದಿನೆಂಟನ್ನು ಕೂಗಿ ನೋಡಿತು, ಯಾರೂ ಓಗೊಡಲಿಲ್ಲ. ಕೊಟ್ಟುಬಿಟ್ಟಿತು. ಎಂಟಕ್ಕೆ ನಾನು ಬಂದು ನನ್ನದನ್ನು ಹಚ್ಚಿದೆ. ಅದಕ್ಕೆ ಕೇಳುವ ಅಭ್ಯಾಸವೇ ಇಲ್ಲ, ಕೈಯಿಂದ ಕೊಟ್ಟ ನಂಬರು. ಒಂದೇ ನಂಬರಿಗೆ ಇಬ್ಬರು. ಲ್ಯಾಬಿನ ವರದಿ ಹೆಚ್ಚಾಗಿ ನನ್ನ ಕಡೆ, ಆಗೊಮ್ಮೆ ನೆಲಮಾಳಿಗೆಯ ಕಡೆ.

"ಈಗ ಮೂರು ದಿನದಿಂದ ಯಾಕೆ ಕಳೀತಿಲ್ಲ?" ಎಂದರು ಲ್ಯಾಬಿನ ಮುಖ್ಯಸ್ಥರು.

"ನಾನು ಸರಿ ಮಾಡಿದೆ. ದೊಡ್ಡಪ್ಪನ ಪ್ರಿಂಟರಿಗೆ ಬೇರೆ ನಂಬರು ಕೊಡಿಸಿದೆ."

"ಯಾವಾಗ?"

"ಸೋಮವಾರ."

ಕೋಣೆಯಲ್ಲಿ ಗುಮಾಸ್ತೆಯ ಪೆನ್ನು ನಿಂತಿತು. ಆಡಳಿತಾಧಿಕಾರಿ ನಿಧಾನವಾಗಿ, "ಅಂದ್ರೆ ಸೋಮವಾರವೇ ನಿಮಗೆ ಗೊತ್ತಿತ್ತು. ಪ್ರಿಂಟರ್ ಸರಿಯಾಗಿದೆ ಅಂತ ಬರೆದುಕೊಟ್ರಲ್ಲ?" ಎಂದರು.

"ಪ್ರಿಂಟರ್ ಸರಿಯಾಗೇ ಇತ್ತು ಸಾರ್. ತಪ್ಪು ನನ್ನದು. ಅದನ್ನ ಬರೀಲಿಲ್ಲ."

ಆಡಳಿತಾಧಿಕಾರಿಗೆ ಇನ್ನೂ ಪೂರ್ತಿ ನಂಬಿಕೆ ಇರಲಿಲ್ಲ, ಕಣ್ಣಾರೆ ನೋಡಬೇಕೆಂದರು. ಎಲ್ಲರೂ ನನ್ನ ಕೌಂಟರಿಗೆ ಇಳಿದು ಬಂದೆವು. ನಂಬರಕ್ಕ ತಾವು ಸರಿ ಮಾಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಕೆಡಿಸಿದರು. ನನ್ನ ಪ್ರಿಂಟರು ಆರಿಸಿದರು. ದೊಡ್ಡಪ್ಪನನ್ನು ಕೆಳಗೆ ಕಳಿಸಿ ಅವರದನ್ನು ಆರಿಸಿ ಹಚ್ಚಲು ಹೇಳಿದರು. ಆಮೇಲೆ ನನ್ನದನ್ನು ಹಚ್ಚಿ, ಲ್ಯಾಬಿಗೆ ಫೋನ್ ಮಾಡಿ ಹತ್ತು ಹಾಳೆ ಕಳಿಸಿ ಎಂದರು. ಎರಡೂ ಈಗಷ್ಟೇ ಎದ್ದಿರುವುದರಿಂದ ಜಗಳ ಜೋರಾಗಿರುತ್ತದೆ, ದಾರಿ ತಪ್ಪುವುದೂ ಹೆಚ್ಚು ಎಂದರು. ನನ್ನ ಕಡೆ ಎಂಟು ಬಂದವು. ಹತ್ತೂ ಪ್ರಿಂಟ್ ಆಗಿವೆ ಎಂದು ಲ್ಯಾಬಿನವರು ಫೋನಿನಲ್ಲಿ ಖಂಡಿತವಾಗಿ ಹೇಳಿದರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಎರಡು ಹಾಳೆ ನೀಡಿದರು. ನನ್ನ ಕಣ್ಣಲ್ಲಿ ನೀರು ಬಂತು. ತಡೆಯಲು ಹೋಗಲಿಲ್ಲ.

ಆಡಳಿತಾಧಿಕಾರಿ ನನ್ನ ಮುಖ ನೋಡದೆ, "ನಾಳೆಯಿಂದ ಬನ್ನಿ" ಎಂದರು. ಸುತ್ತೋಲೆಯ ಮಾತು ಯಾರೂ ಎತ್ತಲಿಲ್ಲ. ನಂಬರಕ್ಕನ ಕಡೆ ತಿರುಗಿ, "ನಿಮ್ಮದನ್ನ ಲಿಖಿತವಾಗಿ ಕೊಡಿ" ಎಂದು ಹೊರಟುಹೋದರು. ನಂಬರಕ್ಕ ಮೇಜಿನ ಕೆಳಗೆ ಕಾಲು ಚಾಚಿ ಕೂತು, ಎಲ್ಲವನ್ನೂ ಮೊದಲಿನಂತೆ ಸರಿ ಮಾಡಿದರು. ಮೆಷಿನ್ ಕೋಣೆಯ ಆದೇಶ ಮರುದಿನವೇ ಬಂತು, ಇನ್ನೊಂದು ಕಟ್ಟಡದವರಿಗೆ. ನಂಬರಕ್ಕನಿಗೆ ಒಂದು ನೋಟಿಸು ಬಂತು.

ನಾನು ಶುಕ್ರವಾರ ಕೌಂಟರಿಗೆ ಬಂದೆ. ಸಂತೋಷವಾಗಿರಬೇಕಿತ್ತು. ಆದರೆ ಬಸ್ ನಿಲ್ದಾಣದ ಆ ಬೆಂಚು ನನ್ನ ಮೈಯಿಂದ ಇಳಿದಿರಲಿಲ್ಲ. ಸೋಮವಾರವೇ ಗೊತ್ತಿದ್ದವರು, ಸದ್ದಿಲ್ಲದೆ ಸರಿ ಮಾಡಿದವರು, ಸರಿ ಮಾಡಿದ್ದರಿಂದಲೇ ನನ್ನನ್ನು ಕಳ್ಳಿ ಮಾಡಿದವರು! ಮಧ್ಯಾಹ್ನ ಅವರು ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೂತಿದ್ದನ್ನು ಕಂಡೆ. ನೇರ ಹೋಗಿ ಎದುರು ನಿಂತೆ.

"ಮೂರು ದಿನ! ಮೂರು ದಿನ ನಾನು ಅಮ್ಮನಿಗೆ ಸುಳ್ಳು ಹೇಳಿ ಬೀದೀಲಿ ಕೂತಿದ್ದೆ, ಗೊತ್ತಾ ನಿಮಗೆ? ನನ್ನ ಕಂಡ್ರೆ ಆಗಲ್ಲ ಅಂತ ಹೀಗೆ ಮಾಡಿದ್ರಾ?"

"ನಿನ್ನ ಕಂಡ್ರೆ ಆಗಲ್ಲ, ಅದು ನಿಜ" ಎಂದರು. "ಅದಕ್ಕಲ್ಲ."

"ಮತ್ತೆ ಯಾಕೆ?"

ಅವರು ಮಂಡಿ ನೀವಿಕೊಂಡರು. ಬೇಸತ್ತ ಮುಖ, ನನ್ನ ಮೇಲಿನ ಬೇಸರವೋ ತಮ್ಮ ಮೇಲಿನದೋ ಹೇಳಲಾಗುತ್ತಿರಲಿಲ್ಲ.

"ಶುಕ್ರವಾರ ಆದೇಶ ಬರೋದಿತ್ತು. ಅದು ಕೈಗೆ ಬಂದ್ಮೇಲೆ ಹೇಳೋಣ, ಹೇಗೂ ನಿನ್ನ ಕೆಲಸ ವಾಪಸ್ ಸಿಗುತ್ತೆ, ನನ್ನದೂ ಉಳಿಯುತ್ತೆ ಅಂದ್ಕೊಂಡೆ. ಒಂದೇ ಒಂದು ದಿನದ ವ್ಯತ್ಯಾಸ ಅಂತ."

"ಹಾಗಾದ್ರೆ ಗುರುವಾರವೇ ಯಾಕೆ ಬಂದ್ರಿ?"

"ಬುಧವಾರ ಸಂಜೆ ಮನೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡೀಲಿ ಕೂತೆ. ಆಸ್ಪತ್ರೇಲಿ ಇನ್ನು ಹತ್ತಬೇಕಾಗಿಲ್ಲ ಅಂತ ಎಷ್ಟು ಹಿತವಾಯ್ತು ಅಂದ್ರೆ..." ಅವರು ತಲೆಯೆತ್ತಿ ಮೆಟ್ಟಿಲುಗಳನ್ನು ನೋಡಿದರು. "ಶುಕ್ರವಾರ ಆದ್ಮೇಲೆ ನಾನು ಹೇಳ್ತಿರಲಿಲ್ಲ ಕಣಮ್ಮ. ಅದು ಅಲ್ಲಿ ಕೂತಾಗ ನಂಗೆ ಗೊತ್ತಾಯ್ತು."

ಅವರ ಫೋನು ಬಡಿದುಕೊಂಡಿತು, ಮೂರನೇ ಮಹಡಿಯವರಿಗೆ ನೆಟ್ ಇಲ್ಲವಂತೆ. "ಬಂದೆ" ಎಂದು ಕಂಬಿ ಹಿಡಿದು ಎದ್ದು ಹತ್ತತೊಡಗಿದರು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು.

ಅಮ್ಮನ ಕಣ್ಣಿನ ಪೊರೆ ಮುಂದಿನ ತಿಂಗಳು ತೆಗೆದರು, ಈಗ ನನ್ನ ಮುಖ ಬಾಡಿದ್ದು ಅವಳಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ನಂಬರಕ್ಕ ಈಗಲೂ ಮುಕ್ಕಾಲು ಗಂಟೆಗೇ ಬರುವುದು, ಈಗಲೂ ಮಾತಿಲ್ಲ. ಆ ಮೂರು ದಿನವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸು ಎಂದು ಅವರೂ ಕೇಳಿಲ್ಲ. ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ಪ್ರತಿಸಲವೂ ಬರುವ ಉತ್ತರ ಒಂದೇ. ನಾನಾಗಿದ್ದರೆ ಇವತ್ತು ಮೆಷಿನ್ ಕೋಣೆಯಲ್ಲಿ ತಣ್ಣಗೆ ಕೂತಿರುತ್ತಿದ್ದೆ.